ಎರಡು ಗಂಟೆಗೆ ಸಾವಿರದ ಎಂಟುನೂರು! ಪರ್ಸ್ ತೆಗೆಯುವ ಮುನ್ನ...

ಮತ್ತಿಕೆರೆ ಮುಖ್ಯರಸ್ತೆಯಲ್ಲಿ ಒಂದು ದಿನ ತರಕಾರಿ ಚೀಲ ಕೆಳಗಿಟ್ಟು, ತಲೆ ಎತ್ತಿ ಬೋರ್ಡುಗಳನ್ನು ನೋಡಿ. ಫಾಲ್, ಝಿಗ್‌ಜಾಗ್, ಸೀರೆ ಕುಚ್ಚು, ಬ್ಲೌಸ್ ಕಟಿಂಗ್, ‘ಮಗ್ಗಂ ವರ್ಕ್ ಕಲಿಸಲಾಗುವುದು, ಮಹಿಳೆಯರಿಗೆ ಮಾತ್ರ’. ಅಡ್ಡರಸ್ತೆಗೆ ತಿರುಗಿದರೆ ಮನೆ ಗೇಟಿಗೇ ಕಟ್ಟಿದ ಫ್ಲೆಕ್ಸು. ಅಲ್ಲಿಂದ ಆಟೊ ಹತ್ತಿ ನ್ಯೂ ಬಿಇಎಲ್ ರೋಡಿಗೆ ಹೋದರೆ ಅದೇ ಕೈಕೆಲಸಕ್ಕೆ ಬೇರೆಯೇ ವೇಷ! ಎಸಿ ಕೆಫೆ, ಮೇಜಿನ ಮೇಲೆ ಬಣ್ಣ, ಬ್ರಷ್ಷು, ಪಕ್ಕದಲ್ಲಿ ಒಂದು ಕೋಲ್ಡ್ ಕಾಫಿ. ಎರಡು ಗಂಟೆಯ ವರ್ಕ್‌ಶಾಪ್. ಟಿಕೆಟ್ ಸಾವಿರದ ಎಂಟುನೂರು ರೂಪಾಯಿ.

ಇನ್ನೊಂದು ಕಡೆ ನಮ್ಮ ಫೋನು. ಬೆಳಿಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ: ‘ರೆಸಿನ್ ಆರ್ಟ್ ಕಲಿಯಿರಿ, ಮನೆಯಲ್ಲೇ ಕುಳಿತು ತಿಂಗಳಿಗೆ ಮೂವತ್ತು ಸಾವಿರ ಸಂಪಾದಿಸಿ, ಕೊನೆಯ ಐದು ಸೀಟು ಮಾತ್ರ!’ ಆ ಐದು ಸೀಟು ಮುಂದಿನ ತಿಂಗಳೂ ಖಾಲಿ ಇರುತ್ತವೆ, ಅದು ಬೇರೆ ಮಾತು.

ಗೆಳತಿಯರೇ, ಕೈಕೆಲಸದ ತರಗತಿ ನಮಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಗ್ಲಾಸ್ ಪೇಂಟಿಂಗ್, ಫ್ಯಾಬ್ರಿಕ್ ಪೇಂಟಿಂಗ್, ಸಾಫ್ಟ್ ಟಾಯ್ಸ್ ಮಾಡದ ಮನೆ ಯಾವುದಿತ್ತು ಹೇಳಿ? ಶೋಕೇಸಿನಲ್ಲಿ ಆ ನವಿಲು ಈಗಲೂ ಕೂತಿರಬಹುದು. ಆಗ ಅದು ಪಕ್ಕದ ಮನೆಯ ಆಂಟಿ ಮಧ್ಯಾಹ್ನ ಕಲಿಸುತ್ತಿದ್ದ ‘ಕ್ಲಾಸು’. ಇಂದು ಅದು ಒಂದು ಮಾರುಕಟ್ಟೆ. 2020ರ ಲಾಕ್‌ಡೌನ್ ಎಲ್ಲರನ್ನೂ ಮನೆಯಲ್ಲಿ ಕೂರಿಸಿತು, ಕಲಿಸುವವರೂ ಕಲಿಯುವವರೂ ಫೋನಿನಲ್ಲಿ ಸಿಕ್ಕರು. ಆಮೇಲೆ ಕೆಫೆಗಳು ತೆರೆದವು, ಖಾಲಿ ಕುರ್ಚಿ ತುಂಬಿಸಲು ಅವರಿಗೂ ಒಂದು ನೆಪ ಬೇಕಿತ್ತು. ಸಿನಿಮಾ ಟಿಕೆಟ್ ಮಾರುವ ಆ್ಯಪುಗಳಲ್ಲೇ ಈಗ ಮಣ್ಣಿನ ಪಾತ್ರೆಯ ಟಿಕೆಟೂ ಸಿಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮಗೂ ಒಂದು ಅಡ್ಡಿ ಕಡಿಮೆಯಾಯಿತು. ಮಲ್ಲೇಶ್ವರಕ್ಕೋ ಶಿವಾಜಿನಗರಕ್ಕೋ ಹೋಗಿಬರಲು ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ದುಡ್ಡಿಲ್ಲ. (ಮೆಟ್ರೊಗೆ ಈ ಸೌಲಭ್ಯ ಇಲ್ಲ. 2025ರ ಫೆಬ್ರವರಿಯಲ್ಲಿ ಅದರ ದರ ಏರಿದ ಮೇಲಂತೂ ಯಶವಂತಪುರ ಸ್ಟೇಷನ್‌ಗೆ ಹೋಗುವ ಮುಂಚೆ ಎರಡು ಸಲ ಯೋಚಿಸುವ ಹಾಗಾಗಿದೆ.)

ಆದರೆ ದುಡ್ಡಿಗಿಂತ ದುಬಾರಿ ಇನ್ನೊಂದಿದೆ. ನಮ್ಮ ಸಮಯ! ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ನೋಡಿ. 15ರಿಂದ 59 ವರ್ಷದ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ದಿನಕ್ಕೆ 315 ನಿಮಿಷ ಕೊಡುತ್ತಿದ್ದರು. 2024ರಲ್ಲಿ 305 ನಿಮಿಷ. ಮಿಕ್ಸಿ, ವಾಷಿಂಗ್ ಮೆಷಿನ್ನು, ಹತ್ತು ನಿಮಿಷದಲ್ಲಿ ಸೊಪ್ಪು ತಂದುಕೊಡುವ ಹುಡುಗ ಎಲ್ಲ ಬಂದೂ ಐದು ವರ್ಷದಲ್ಲಿ ನಮಗೆ ಉಳಿದದ್ದು ಹತ್ತೇ ನಿಮಿಷ. ಹಾಗಿರುವಾಗ ಗಂಡ-ಮಕ್ಕಳ ಊಟದ ಡಬ್ಬಿ, ಅತ್ತೆಯ ಮಾತ್ರೆ, ಸಂಜೆಯ ಹೋಂವರ್ಕ್ ಎಲ್ಲವನ್ನೂ ಹೊಂದಿಸಿ ಎರಡು ಗಂಟೆ ಬಿಡುವು ಮಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಎರಡು ಗಂಟೆಯನ್ನು ಯಾರ ಕೈಗೆ ಕೊಡುತ್ತೀರಿ ಅನ್ನುವುದೇ ಇಲ್ಲಿನ ಪ್ರಶ್ನೆ.

ನೀವು ಕೊಳ್ಳುತ್ತಿರುವುದು ಏನು?

ಕೆಫೆಯ ವರ್ಕ್‌ಶಾಪಿನಲ್ಲಿ ನೀವು ಕಲೆ ಕಲಿಯುವುದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಎರಡು ಗಂಟೆಯಲ್ಲಿ ಮಣ್ಣು ಚಕ್ರದ ಮಧ್ಯಕ್ಕೆ ನಿಲ್ಲುವುದೇ ಇಲ್ಲ. ಕಲಿಸುವವರು ನಿಮ್ಮ ಕೈ ಮೇಲೆ ಕೈಯಿಟ್ಟು ಎತ್ತಿಕೊಟ್ಟ ಬಟ್ಟಲು ಅದು. ಮಂಡಲ ಚಿತ್ರವಾದರೆ ಗೆರೆಗಳನ್ನು ಮೊದಲೇ ಹಾಕಿಟ್ಟಿರುತ್ತಾರೆ, ಬಣ್ಣ ತುಂಬುವುದಷ್ಟೇ ನಮ್ಮ ಪಾಲು. ಹಾಗಂತ ಅದು ಮೋಸ ಅಂತ ನಾನು ಹೇಳುವುದಿಲ್ಲ. ಅವರು ಮಾರುತ್ತಿರುವುದು ಒಂದು ಮಧ್ಯಾಹ್ನವನ್ನು. ಯಾರೂ ‘ಅಮ್ಮಾ’ ಅಂತ ಕರೆಯದ, ಫೋನು ಚೀಲದೊಳಗೇ ಇರುವ ಎರಡು ಗಂಟೆ. ಹುಟ್ಟುಹಬ್ಬಕ್ಕೆ ಸೀರೆಯ ಬದಲು ಇದನ್ನೇ ಕೊಡಿ ಅಂತ ಯಜಮಾನರಿಗೆ ಹೇಳಿ ಹೋಗುವವರಿದ್ದಾರೆ, ಹೋಗಲಿ. ಆದರೆ ‘ಕಲಿತುಕೊಂಡು ಬರ್ತೀನಿ’ ಅಂದುಕೊಂಡು ಹೋದರೆ ಮಾತ್ರ ನಿರಾಸೆ ಖಂಡಿತ.

ಲೆಕ್ಕ ಹಾಕೋಣ ಬನ್ನಿ. ಎರಡು ಗಂಟೆಗೆ 1800 ರೂಪಾಯಿ ಅಂದರೆ ಗಂಟೆಗೆ 900. ನಮ್ಮ ಬೀದಿಯಲ್ಲಿ ಒಬ್ಬರು ಮನೆಯ ಮೇಲಿನ ಶೀಟ್ ರೂಮಿನಲ್ಲಿ ಮಗ್ಗಂ ವರ್ಕ್ ಹೇಳಿಕೊಡುತ್ತಾರೆ. ತಿಂಗಳಿಗೆ 2500. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ. ತಿಂಗಳಿಗೆ 24 ಗಂಟೆ ಆಯಿತು, ಗಂಟೆಗೆ ಸುಮಾರು 104 ರೂಪಾಯಿ. ಕಾಫಿ ಇಲ್ಲ, ಎಸಿ ಇಲ್ಲ, ಫೋಟೊ ತೆಗೆಯಲು ಚೆಂದದ ಗೋಡೆಯೂ ಇಲ್ಲ. ಚೌಕಟ್ಟಿನ ಮುಂದೆ ಕೂತು ಸೊಂಟ ನೋಯುತ್ತದೆ. ಮೊದಲ ವಾರವೆಲ್ಲ ಬರೀ ಚೈನ್ ಸ್ಟಿಚ್ಚು, ದಾರ ಕಿತ್ತು ಕಿತ್ತು ಅಳು ಬರುತ್ತದೆ. ಮೂರು ತಿಂಗಳಾದ ಮೇಲೆ ಒಂದು ದಿನ ಸೂಜಿ ತನ್ನಷ್ಟಕ್ಕೆ ಓಡಲು ಶುರುವಾಗುತ್ತದೆ. ಕೈಗೆ ವಿದ್ಯೆ ಹತ್ತುವುದು ಅಂದರೆ ಅದೇ.

ಮನೆ ಕ್ಲಾಸುಗಳಲ್ಲೂ ಎಡವಟ್ಟು ಇಲ್ಲ ಅಂತಲ್ಲ. ಫೀಸು ಕೊಟ್ಟ ಮೇಲೆ ‘ಸಾಮಾನು ನನ್ನ ಹತ್ತಿರವೇ ತಗೋಬೇಕು’ ಅನ್ನುತ್ತಾರೆ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಮಣಿ, ಜರ್ದೋಸಿ, ಲೇಸಿನ ಬೆಲೆ ನೋಡಿಕೊಂಡು ಬಂದರೆ ಆಮೇಲೆ ಹೊಟ್ಟೆ ಉರಿಯುತ್ತದೆ! ಆದ್ದರಿಂದ ಸೇರುವ ಮುಂಚೆ ಕೇಳಿ: ಸಾಮಾನು ಫೀಸಿನಲ್ಲಿ ಸೇರಿದೆಯಾ, ಇಲ್ಲವಾದರೆ ನಾನೇ ತರಬಹುದಾ? ಒಂದು ಬ್ಯಾಚಿಗೆ ಎಷ್ಟು ಜನ? ಹಬ್ಬದಲ್ಲಿ ತಪ್ಪಿದ ಕ್ಲಾಸನ್ನು ಆಮೇಲೆ ಕೊಡ್ತೀರಾ? ಸಂಕೋಚ ಬೇಡ. ಬದನೆಕಾಯಿ ಕೊಳ್ಳುವಾಗ ಇಲ್ಲದ ಸಂಕೋಚ ಇಲ್ಲೇಕೆ? ಕಲಿತು ಹೋದ ಹಳೆಯ ವಿದ್ಯಾರ್ಥಿನಿ ಒಬ್ಬರ ಜೊತೆ ಐದು ನಿಮಿಷ ಮಾತಾಡಿದರೆ ಇನ್ನೂ ಒಳ್ಳೆಯದು.

‘ಮನೆಯಲ್ಲೇ ಕುಳಿತು ಸಂಪಾದಿಸಿ’

ನಿಜವಾದ ತೊಂದರೆ ಇರುವುದು ಮೂರನೆಯದರಲ್ಲಿ, ಫೋನಿಗೆ ಬರುವ ಆನ್‌ಲೈನ್ ಕೋರ್ಸುಗಳಲ್ಲಿ. ನಾನೂ ಬಿದ್ದಿದ್ದೇನೆ, ಹೇಳಲು ನಾಚಿಕೆ ಇಲ್ಲ. ಮೊದಲು 99 ರೂಪಾಯಿಯ ‘ಮಾಸ್ಟರ್ ಕ್ಲಾಸ್’. ಅದರ ಕೊನೆಯಲ್ಲಿ ‘ಈ ರಾತ್ರಿ ಹನ್ನೆರಡರ ತನಕ ಮಾತ್ರ’ 3999ಕ್ಕೆ ಪೂರ್ತಿ ಕೋರ್ಸು, ಆರ್ಡರುಗಳನ್ನೂ ಅವರೇ ತರಿಸಿಕೊಡುತ್ತಾರಂತೆ. ಕಟ್ಟಿದೆ. ಬಂದದ್ದು ಹಳೆಯ ರೆಕಾರ್ಡಿಂಗು. ಪ್ರಶ್ನೆ ಕೇಳಿದವರನ್ನು ಗುಂಪಿನಿಂದ ತೆಗೆದುಹಾಕಿದರು. ಆರ್ಡರ್ ಅಂತೂ ಒಂದೂ ಬರಲಿಲ್ಲ. ನನ್ನ ಜೊತೆ ಸೇರಿದ್ದ ಪಕ್ಕದ ರಸ್ತೆಯ ಇಬ್ಬರು ‘ಹೋಗ್ಲಿ ಬಿಡಿ, ಮನೇಲಿ ಗೊತ್ತಾದ್ರೆ ಬೈತಾರೆ’ ಅಂತ ಸುಮ್ಮನಾದರು. ಇಂಥವರು ನಂಬಿಕೊಂಡಿರುವುದು ನಮ್ಮ ಆ ಮೌನವನ್ನೇ.

ಇದಕ್ಕೆ ಕಾನೂನು ಇಲ್ಲವೇ ಅಂತ ಕೇಳಬಹುದು. ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ಗಮನಕೊಟ್ಟು ಓದಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ಸುಳ್ಳು ಜಾಹೀರಾತುಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ನೂರಕ್ಕೆ ನೂರು ಪಾಸು, ಖಂಡಿತ ಕೆಲಸ ಎಂದೆಲ್ಲ ಹೇಳುವಂತಿಲ್ಲ, ಸೀಟು ಮುಗಿಯಿತು ಅಂತ ಸುಳ್ಳು ಅವಸರ ಹುಟ್ಟಿಸುವಂತಿಲ್ಲ. ಕೇಳಿದರೆ ನಮ್ಮ ವಾಟ್ಸ್ಆ್ಯಪ್ ಮೆಸೇಜು ನೋಡಿಯೇ ಬರೆದ ಹಾಗಿದೆ! ಆದರೆ ಅದೇ ಮಾರ್ಗಸೂಚಿಯ ವ್ಯಾಖ್ಯೆಯಲ್ಲಿ ಕ್ರೀಡೆ, ನೃತ್ಯ, ರಂಗಭೂಮಿ ಮತ್ತು ‘ಇತರ ಸೃಜನಶೀಲ ಚಟುವಟಿಕೆ’ಗಳನ್ನು ಕೋಚಿಂಗ್ ಅಂತ ಪರಿಗಣಿಸಿಲ್ಲ. ಅಂದರೆ ಐಎಎಸ್ ಕೋಚಿಂಗಿಗೆ ಸೇರುವ ಮಗನಿಗೆ ಇರುವ ವಿಶೇಷ ರಕ್ಷಣೆ ರೆಸಿನ್ ಕಲಿಯುವ ತಾಯಿಗೆ ಇಲ್ಲ.

ಯಾಕೆ ಹೀಗೆ? ಹಾಡು, ಕುಣಿತ, ಚಿತ್ರ ಅಂದರೆ ಹವ್ಯಾಸ, ಅದರ ಮೇಲೆ ಯಾರ ಬದುಕೂ ನಿಂತಿಲ್ಲ ಅನ್ನುವ ಭಾವನೆ ಇರಬಹುದು ಅಂತ ನನ್ನ ಊಹೆ. ಬಡಾವಣೆಯ ಸಣ್ಣ ಸಂಗೀತ ಟೀಚರಿಗೆ ಕಾನೂನಿನ ಕಿರಿಕಿರಿ ಬೇಡ ಅನ್ನುವುದೂ ಸರಿಯೇ. ಆದರೆ ‘ತಿಂಗಳಿಗೆ ಮೂವತ್ತು ಸಾವಿರ’ ಅಂತ ಹೇಳಿ ಮಾರುವಾಗ ಅದು ಹವ್ಯಾಸ ಹೇಗಾಗುತ್ತದೆ? ಆಗ ಅವರು ಮಾರುತ್ತಿರುವುದು ಸಂಪಾದನೆಯ ಆಸೆಯನ್ನು. ಈ ವ್ಯತ್ಯಾಸವನ್ನು ಮಾರ್ಗಸೂಚಿ ಬರೆದವರು ಗಮನಿಸಬೇಕಿತ್ತು.

ಹಾಗಂತ ಕೈಚೆಲ್ಲಿ ಕೂರಬೇಡಿ. ಮೂಲ ಕಾನೂನು, ಅಂದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ, ದುಡ್ಡು ಕೊಟ್ಟು ಪಡೆಯುವ ಸೇವೆಗಳಿಗೂ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದರಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ಇದೆ. ಮೊದಲ ಹೆಜ್ಜೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದ್ದು ಅದನ್ನೇ. ದುಡ್ಡು ಕಳಿಸಿದ ಯುಪಿಐ ನಂಬರು, ಜಾಹೀರಾತಿನ ಸ್ಕ್ರೀನ್‌ಶಾಟು, ಚಾಟ್ ಎಲ್ಲ ಕೊಟ್ಟೆ. ಮೂರು ವಾರದ ಮೇಲೆ 2500 ರೂಪಾಯಿ ವಾಪಸು ಬಂತು. ಪೂರ್ತಿ ಅಲ್ಲ, ಆದರೂ ಬಂತು! ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯದ್ದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಇಷ್ಟಕ್ಕೆಲ್ಲ ಬೇಕಾದದ್ದು ಆ ಜಾಹೀರಾತಿನ ಚಿತ್ರ. ದುಡ್ಡು ಕಟ್ಟುವ ಮುಂಚೆಯೇ ಅದನ್ನು ತೆಗೆದಿಟ್ಟುಕೊಳ್ಳಿ. ಆಮೇಲೆ ಅದು ಅಲ್ಲಿ ಇರುವುದಿಲ್ಲ.

ಮಾರುವ ಮಾತು

ಕಲಿತದ್ದು ಆಯಿತು, ಮಾರೋಣ ಅನ್ನುವವರಿಗೆ ಇನ್ನೊಂದಿಷ್ಟು ಲೆಕ್ಕ. ಕ್ರೋಶ ಬ್ಯಾಗು ಹೆಣೆಯುವ ನನ್ನ ಗೆಳತಿ ಒಂದು ಬ್ಯಾಗನ್ನು 800ಕ್ಕೆ ಕೊಡುತ್ತಾಳೆ. ದಾರಕ್ಕೆ 250. ಹೆಣೆಯಲು 12 ಗಂಟೆ. ಉಳಿದ 550ನ್ನು ಭಾಗಿಸಿದರೆ ಗಂಟೆಗೆ 46 ರೂಪಾಯಿ. ಅದೇ ಎದುರುಮನೆಯಾಕೆ ಸಾದಾ ಕುಚ್ಚು ಕಟ್ಟಿ 200 ತಗೊಳ್ಳುತ್ತಾರೆ. ದಾರ 30, ಕೈ ಪಳಗಿರುವುದರಿಂದ ಎರಡು ಗಂಟೆ. ಗಂಟೆಗೆ 85 ಬಿತ್ತು. ಜೊತೆಗೆ ಗಿರಾಕಿ ಮನೆ ಬಾಗಿಲಿಗೇ ಬರುತ್ತಾರೆ, ಮದುವೆ ಸೀಸನ್ನಿನಲ್ಲಿ ಸಾಲು ನಿಲ್ಲುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಚೆಂದ ಕಾಣುವುದು ಬ್ಯಾಗು, ಮತ್ತಿಕೆರೆಯಲ್ಲಿ ಓಡುವುದು ಕುಚ್ಚು. ಏನು ಕಲಿಯಬೇಕು ಅನ್ನುವ ಮೊದಲು ನಿಮ್ಮ ಬೀದಿಯ ಜನ ಯಾವುದಕ್ಕೆ ದುಡ್ಡು ಕೊಡುತ್ತಾರೆ ಅಂತ ಒಂದು ವಾರ ಸುಮ್ಮನೆ ಗಮನಿಸಿ.

ಕೆಲವು ಕಲೆಗಳಿಗೆ ಲೈಸೆನ್ಸಿನ ಗಂಟೂ ಇದೆ, ಕಲಿಸುವವರು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಕೇಕು, ಚಾಕೊಲೇಟು ಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸೋಪಿನದು ಇನ್ನೂ ಕಠಿಣ. ಮೈಗೆ ಹಚ್ಚುವ ಸೋಪು ಕಾನೂನಿನ ಕಣ್ಣಲ್ಲಿ ಸೌಂದರ್ಯವರ್ಧಕ, ಮಾರುವುದಕ್ಕಾಗಿ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಲೈಸೆನ್ಸ್ ಪಡೆಯಬೇಕು. ಮನೆಗೆ ಮಾಡಿಕೊಂಡರೆ ಯಾರ ಅಡ್ಡಿಯೂ ಇಲ್ಲ. ಆದರೆ ಕಾಸ್ಟಿಕ್ ಸೋಡಾದ ಜೊತೆ ಹುಡುಗಾಟ ಬೇಡ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಎರಚುತ್ತದೆ. ರೆಸಿನ್ ಕೂಡ ಅಷ್ಟೆ. ಕೈಗೆ ನೈಟ್ರೈಲ್ ಗ್ಲೌಸ್ ಹಾಕದೆ, ಕಿಟಕಿ ಮುಚ್ಚಿ ಅಡುಗೆಮನೆ ಕಟ್ಟೆಯ ಮೇಲೆ ಮಾಡಿದರೆ ಇಂದಲ್ಲ ನಾಳೆ ಚರ್ಮಕ್ಕೆ ಅಲರ್ಜಿ ಹತ್ತಬಹುದು, ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಎರಡು ಗಂಟೆಯ ವರ್ಕ್‌ಶಾಪಿನಲ್ಲಿ ಗ್ಲೌಸ್ ಕೊಡದೆ ರೆಸಿನ್ ಕಲಿಸುವವರಿದ್ದರೆ ಎದ್ದು ಬನ್ನಿ.

ಜಿಎಸ್‌ಟಿ ಅಂದರೆ ಎಲ್ಲರಿಗೂ ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆಯವರು ನೋಟಿಸು ಕೊಟ್ಟಾಗ ನಮ್ಮ ಕುಚ್ಚಿನಾಕೆಯೂ ಗೂಗಲ್‌ಪೇ ಬೋರ್ಡು ಒಳಗಿಟ್ಟುಬಿಟ್ಟಿದ್ದರು! ಅಷ್ಟು ಹೆದರಬೇಕಿಲ್ಲ. ವರ್ಷದ ವಹಿವಾಟು ಸಾಮಾನು ಮಾರುವವರಿಗೆ 40 ಲಕ್ಷ, ಕ್ಲಾಸು ಅಥವಾ ಹೊಲಿಗೆಯಂಥ ಸೇವೆ ಕೊಡುವವರಿಗೆ 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ನೋಂದಣಿ ಬೇಡ. ಆ್ಯಪುಗಳ ಮೂಲಕ ಮಾರುವವರಿಗೂ 2023ರ ಅಕ್ಟೋಬರ್‌ನಿಂದ, ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಈ ಮಿತಿಯೊಳಗೆ ವಿನಾಯಿತಿ ಇದೆ. ಇದರ ಇನ್ನೊಂದು ಮಗ್ಗುಲು: ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿರುವವರು, ತಾವಾಗಲಿ ಗಂಡನಾಗಲಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾದರೆ ಆ ಯೋಜನೆಗೆ ಅರ್ಹರಲ್ಲ. ಯಾರೋ ಹೇಳಿದರು ಅಂತ ಅವಸರದಲ್ಲಿ ನೋಂದಣಿ ಮಾಡಿಸಿ ಆಮೇಲೆ ಕಂತು ಯಾಕೆ ಬರಲಿಲ್ಲ ಅಂತ ಅಲೆಯಬೇಡಿ. ಹಾಗೆಯೇ, ನಿಮ್ಮ ಫೀಸಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದ ಕ್ಲಾಸಿನವರಿಂದ ಜಿಎಸ್‌ಟಿ ನಂಬರಿರುವ ಬಿಲ್ಲು ಕೇಳಿ ಪಡೆಯಿರಿ. ನಂಬರಿಲ್ಲ ಅಂದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಊಹಿಸಿಕೊಳ್ಳಿ.

ಸರ್ಕಾರದ ಯೋಜನೆಗಳಲ್ಲೂ ಯಾವ ಕಲೆ ಕಲಿಯುತ್ತೀರಿ ಅನ್ನುವುದರ ಮೇಲೆ ಬಾಗಿಲು ತೆರೆಯುವುದು, ಮುಚ್ಚುವುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಹೊಲಿಗೆ, ಹೂಮಾಲೆ ಕಟ್ಟುವುದು, ಕುಂಬಾರಿಕೆ, ಬುಟ್ಟಿ-ಚಾಪೆ ಹೆಣೆಯುವುದು, ಸಾಂಪ್ರದಾಯಿಕ ಗೊಂಬೆ ತಯಾರಿಕೆ ಅದರಲ್ಲಿ ಸೇರಿವೆ. ರೆಸಿನ್, ಮಂಡಲ, ಕೇಕು ಇಲ್ಲ. ಆಯ್ಕೆಯಾದವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿಯ ವೋಚರು, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲ ಹಂತದಲ್ಲಿ ಒಂದು ಲಕ್ಷದವರೆಗೆ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ, ಅದೂ ಆ ಕಸುಬನ್ನು ಈಗಾಗಲೇ ಮಾಡುತ್ತಿರುವವರಿಗೆ. ನೆನ್ನೆ ಕಲಿತು ಇವತ್ತು ಅರ್ಜಿ ಹಾಕಲಾಗದು. ನಿಮ್ಮ ಕಸುಬಿಗೆ ನೋಂದಣಿ ತೆರೆದಿದೆಯೇ ಎಂದು ಮೊದಲು ಕಾಮನ್ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ನಮ್ಮ ಕಡೆ ಎಲ್ಲೆಲ್ಲಿ?

ಕಲಿಯಲೇಬೇಕು ಅಂತ ಮನಸ್ಸು ಮಾಡಿದವರಿಗೆ ಕೋರಮಂಗಲ, ಇಂದಿರಾನಗರದ ತನಕ ಹೋಗಬೇಕಿಲ್ಲ. ಬೇಕರಿ ಕಲಿಯುವ ಆಸೆ ಇದ್ದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಚಿಕ್ಕ ಅವಧಿಯವೂ ಉಂಟು, ಸರ್ಟಿಫಿಕೇಟ್ ಕೋರ್ಸೂ ಉಂಟು. ಯೂಟ್ಯೂಬಿನಲ್ಲಿ ನೋಡಿ ಕಲಿತದ್ದಕ್ಕೂ ಹಿಟ್ಟು ಯಾಕೆ ಉಬ್ಬುತ್ತದೆ ಅಂತ ತಿಳಿದು ಮಾಡುವುದಕ್ಕೂ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಅದೇ ದಾರಿಯಲ್ಲಿ ಬಳ್ಳಾರಿ ರಸ್ತೆಯ ಗಂಗಾನಗರದ ಹತ್ತಿರ 2024ರ ಜನವರಿಯಲ್ಲಿ ಸೈನ್ಸ್ ಗ್ಯಾಲರಿ ತೆರೆದಿದೆ. ಪ್ರವೇಶ ಉಚಿತ, ಪ್ರದರ್ಶನಗಳ ಜೊತೆ ಆಗಾಗ ಕಾರ್ಯಾಗಾರಗಳೂ ನಡೆಯುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾದ ಜಾಗ.

ಮಣ್ಣಿನ ಕೆಲಸ ಬೇಕೆಂದರೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಒಮ್ಮೆ ಹೋಗಿ ಬನ್ನಿ. ತಲೆಮಾರುಗಳಿಂದ ಅಲ್ಲಿರುವ ಕುಂಬಾರರು ಹಣತೆ, ಮಡಕೆ, ಗಣೇಶ ಮಾಡುವುದನ್ನು ನಿಂತು ನೋಡಿದರೇ ಅರ್ಧ ಪಾಠ. ಚಿತ್ರಕಲೆಗಾದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಅಲ್ಲಿನ ಕರಕುಶಲ ಮೇಳಗಳಲ್ಲಿ, ಜನವರಿಯ ಚಿತ್ರಸಂತೆಯಲ್ಲಿ ಕೆಲಸ ಮಾಡಿದವರೇ ಎದುರಿಗೆ ಕೂತಿರುತ್ತಾರೆ. ಕಸೂತಿಯ ಗವಂತಿ-ಮುರ್ಗಿಗೆ ಎಷ್ಟು ದಿನ ಹಿಡಿಯಿತು, ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ಹಾಳೆ ಹೇಗೆ ಅಂಟಿಸುತ್ತಾರೆ ಅಂತ ಕೇಳಿ, ಸಂತೋಷವಾಗಿ ಹೇಳುತ್ತಾರೆ. ವ್ಯಾಪಾರದ ದಾರಿ ಹಿಡಿಯುವವರಿಗೆ ರಾಜಾಜಿನಗರ ಕೈಗಾರಿಕಾ ಎಸ್ಟೇಟಿನಲ್ಲಿ ಅವೇಕ್ ಇದೆ, ಮಹಿಳಾ ಉದ್ಯಮಿಗಳೇ 1983ರಲ್ಲಿ ಕಟ್ಟಿಕೊಂಡ ಸಂಸ್ಥೆ. ಬೆಲೆ ಕಟ್ಟುವುದು, ಲೆಕ್ಕ ಇಡುವುದು ಇಂಥದ್ದನ್ನು ಕೆಫೆಯಲ್ಲಿ ಯಾರೂ ಕಲಿಸುವುದಿಲ್ಲ.

ಇನ್ನು ಆ ಶೀಟ್ ರೂಮಿನ ಮಗ್ಗಂ ಕ್ಲಾಸು. ಹೋದ ವಾರ ಇಣುಕಿದಾಗ ನಾಲ್ಕು ಜನ ಕೂತಿದ್ದರು. ಅವರಲ್ಲಿ ಒಬ್ಬರು ಐವತ್ತೆಂಟರ ಅಜ್ಜಿ. ಮೊಮ್ಮಗಳ ನಾಮಕರಣಕ್ಕೆ ತಾನೇ ಬ್ಲೌಸ್ ಮಾಡಿಕೊಡಬೇಕಂತೆ, ಮಾರುವ ಯೋಚನೆ ಇಲ್ಲವೇ ಇಲ್ಲ. ‘ನಂಗ್ಯಾಕಮ್ಮ ಸರ್ಟಿಫಿಕೇಟು, ಕನ್ನಡಕ ಒಂದು ಸರಿ ಕೂತ್ರೆ ಸಾಕು’ ಅಂದರು. ಹೊಸ ಬ್ಯಾಚು ಆಷಾಢ ಕಳೆದ ಮೇಲೆ ಅಂತೆ. ಶ್ರಾವಣದಲ್ಲಿ ಆರ್ಡರ್ ಜಾಸ್ತಿ ಆಗಿ ಟೀಚರಿಗೇ ಪುರಸೊತ್ತು ಇರುವುದಿಲ್ಲ, ಅದಕ್ಕೇ ಈಗಲೇ ಹೆಸರು ಕೊಟ್ಟಿಡಿ ಅಂದಿದ್ದಾರೆ.